ಸಾನ್ ಹ್ವಾನ್ ಬೆಟ್ಟಗಳಲ್ಲಿ ಗ್ರಿಜ್ಲಿ ಉಳಿದಿದೆಯೇ? ಇಲ್ಲವಾದರೆ ಎಲ್ಲಿ ಹುಡುಕಲಿ?

ಪ್ರಶ್ನೆ: ನಾನು ಡೆನ್ವರ್‌ನಲ್ಲಿ ಕೆಲಸಕ್ಕಿದ್ದೇನೆ. ಊರಲ್ಲಿದ್ದಾಗ ಕುಮಾರಪರ್ವತ, ಕುದುರೆಮುಖ ಹತ್ತಿದ ಅಭ್ಯಾಸವಿದೆ. ಕೊಲೊರಾಡೊದ ದಕ್ಷಿಣಕ್ಕಿರುವ ಸಾನ್ ಹ್ವಾನ್ ಬೆಟ್ಟಗಳಲ್ಲಿ ಗ್ರಿಜ್ಲಿ ಕರಡಿ ಇನ್ನೂ ಗುಟ್ಟಾಗಿ ಬದುಕಿದೆ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಆಗಸ್ಟ್‌ನಲ್ಲಿ ಒಂದು ವಾರ ಒಬ್ಬನೇ ಟೆಂಟ್ ಹಾಕಿ, ಪ್ರಾಣಿ ಹಾದುಹೋದರೆ ತಾನೇ ಚಿತ್ರ ತೆಗೆಯುವ ಎರಡು ಟ್ರ್ಯಾಪ್ ಕ್ಯಾಮೆರಾ ಕಟ್ಟಿ ಹುಡುಕಬೇಕೆಂದಿದ್ದೇನೆ. ಸಿಗಬಹುದೇ? ಇಲ್ಲವಾದರೆ ಕಾಡು ಗ್ರಿಜ್ಲಿಯನ್ನು ಅದರ ಬೆಟ್ಟದಲ್ಲೇ ನೋಡಲು ಎಲ್ಲಿಗೆ, ಯಾವಾಗ, ಹೇಗೆ ಹೋಗಬೇಕು? ಅಪಾಯ ಎಷ್ಟು?

ಉತ್ತರ: ಸಾನ್ ಹ್ವಾನ್‌ನಲ್ಲಿ ಸಿಗುವುದಿಲ್ಲ. ಹಾಗೆಂದು ನಿಮ್ಮ ಸಹೋದ್ಯೋಗಿ ಹೇಳುತ್ತಿರುವುದು ಬರೀ ಗಾಳಿಮಾತೂ ಅಲ್ಲ. ಕೊಲೊರಾಡೊದಲ್ಲಿ ಗ್ರಿಜ್ಲಿಗಳು 1950ರ ದಶಕದಲ್ಲೇ ಮುಗಿದವು ಎಂದು ಎಲ್ಲರೂ ನಂಬಿ ಕೂತಿದ್ದಾಗ, 1979ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಸಾನ್ ಹ್ವಾನ್‌ನಲ್ಲಿ ಎಡ್ ವೈಸ್‌ಮನ್ ಎಂಬ ಬೇಟೆ ಮಾರ್ಗದರ್ಶಿಯ ಮೇಲೆ ಕರಡಿಯೊಂದು ಎರಗಿತು. ಕೆಳಗೆ ಬಿದ್ದಿದ್ದ ಆತ ಕೈಗೆ ಸಿಕ್ಕ ಬಾಣವನ್ನೇ ಹಿಡಿದು ಚುಚ್ಚಿ ಅದನ್ನು ಕೊಂದು ಬದುಕಿಕೊಂಡ. ಸತ್ತದ್ದು ವಯಸ್ಸಾದ ಹೆಣ್ಣು ಗ್ರಿಜ್ಲಿ. ಅದರ ಮೂಳೆಗಳು ನಿಮ್ಮ ಊರಿನ ಡೆನ್ವರ್ ನಿಸರ್ಗ ಮತ್ತು ವಿಜ್ಞಾನ ಮ್ಯೂಸಿಯಂನಲ್ಲಿವೆ. ಇಲ್ಲ ಎಂದು ಬರೆದಿಟ್ಟ ಪ್ರಾಣಿ ಇದೆ ಎಂದು ಒಮ್ಮೆ ಸಾಬೀತಾದ ಮೇಲೆ, ಮತ್ತೆ ಇಲ್ಲ ಎಂದರೆ ಯಾರು ನಂಬುತ್ತಾರೆ? ಸರ್ಕಾರಿ ಜೀವಶಾಸ್ತ್ರಜ್ಞರು ಹುಡುಕಿದರು, ಆಮೇಲೆ ಹವ್ಯಾಸಿಗಳು ವರ್ಷಗಟ್ಟಲೆ ಹುಡುಕಿದರು. ಎರಡನೆಯ ಕರಡಿ ಸಿಗಲಿಲ್ಲ.

ನನ್ನ ಅನುಮಾನಕ್ಕೆ ಕಾರಣ ಲೆಕ್ಕ ಸರಳವಾಗಿರುವುದು. ಕಾಡಿನಲ್ಲಿ ಗ್ರಿಜ್ಲಿಯೊಂದು ಇಪ್ಪತ್ತೈದು ವರ್ಷ ದಾಟುವುದೇ ಅಪರೂಪ. 1979ರಲ್ಲಿ ಇನ್ನೂ ಒಂದೆರಡು ಇದ್ದವು ಎಂದೇ ಇಟ್ಟುಕೊಳ್ಳಿ, ಅವು ಇಂದು ಬದುಕಿರಲಾರವು. ಇಂದು ಒಂದು ಇರಬೇಕೆಂದರೆ ನಡುವೆ ತಾಯಂದಿರು ಇದ್ದಿರಬೇಕು, ಮರಿಗಳು ಹುಟ್ಟಿರಬೇಕು, ಅವು ದೊಡ್ಡವಾಗಿರಬೇಕು. ಅಷ್ಟು ಕರಡಿಗಳು ಈ ನಾಲ್ಕು ದಶಕ ಕುರಿಮಂದೆಗೆ ನುಗ್ಗದೆ, ಬೇಟೆಗಾರರ ಕಣ್ಣಿಗೆ ಬೀಳದೆ, ಕಾರಿಗೆ ಸಿಗದೆ, ಎಲ್ಕ್ ಎಂಬ ದೊಡ್ಡ ಜಿಂಕೆಯನ್ನು ನೋಡಲು ಕಟ್ಟಿದ ಸಾವಿರಾರು ಟ್ರ್ಯಾಪ್ ಕ್ಯಾಮೆರಾಗಳಲ್ಲಿ ಒಂದಕ್ಕೂ ಮುಖ ತೋರಿಸದೆ ಇರುವುದು ಸಾಧ್ಯವಿಲ್ಲ. ಗ್ರಿಜ್ಲಿ ಅಷ್ಟು ನಾಚಿಕೆಯ ಪ್ರಾಣಿಯಲ್ಲ. ಅದು ನೆಲ ಅಗೆಯುತ್ತದೆ, ಕಲ್ಲು ಉರುಳಿಸುತ್ತದೆ, ಮರಕ್ಕೆ ಬೆನ್ನು ತಿಕ್ಕಿ ಕೂದಲು ಬಿಟ್ಟು ಹೋಗುತ್ತದೆ. ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಸುತ್ತಲಿನ ಬೆಟ್ಟಗಳಲ್ಲಿ 2004ರಲ್ಲಿ ನಡೆದ ಗಣತಿ ಇಂಥ ಕೂದಲಿನಿಂದಲೇ ಆದದ್ದು. ಕೊಳೆತ ದನದ ರಕ್ತ, ಮೀನಿನ ರಸವನ್ನು ನಡುವೆ ಸುರಿದು ಸುತ್ತ ಮುಳ್ಳುತಂತಿ ಕಟ್ಟಿದರು. ವಾಸನೆ ಹಿಡಿದು ಬಂದ ಕರಡಿ ತಂತಿ ದಾಟುವಾಗ ಕೂದಲು ಸಿಕ್ಕಿಕೊಳ್ಳುತ್ತಿತ್ತು. ಡಿಎನ್‌ಎ ನೋಡಿ ಆ ಪ್ರದೇಶದಲ್ಲಿ ಸುಮಾರು 765 ಗ್ರಿಜ್ಲಿಗಳಿವೆ ಎಂದು ಅಂದಾಜಿಸಿದರು. ಒಂದು ಕರಡಿಯನ್ನೂ ಹಿಡಿಯಲಿಲ್ಲ, ಮುಟ್ಟಲಿಲ್ಲ.

ಉತ್ತರದ ವಯೋಮಿಂಗ್‌ನಿಂದ ಒಂದು ಕರಡಿ ನಡೆದು ಬರಬಾರದೇ ಎಂದು ನೀವು ಕೇಳಬಹುದು. ಗಂಡು ಬರಬಹುದು, ಯಾವತ್ತಾದರೂ. ವಯೋಮಿಂಗ್‌ನ ಗ್ರ್ಯಾಂಡ್ ಟೀಟನ್ ಉದ್ಯಾನದ ಕಡೆ ರೇಡಿಯೊ ಪಟ್ಟಿ ಕಟ್ಟಿದ್ದ, ವುಲ್ವರಿನ್ ಎಂಬ ಚಳಿನಾಡಿನ ಪುಟ್ಟ ಬೇಟೆಪ್ರಾಣಿಯ ಗಂಡೊಂದು 2009ರಲ್ಲಿ ವಯೋಮಿಂಗ್‌ನ ಬಯಲನ್ನೂ ಹೆದ್ದಾರಿಯನ್ನೂ ದಾಟಿ ಕೊಲೊರಾಡೊಗೆ ಬಂದೇಬಿಟ್ಟಿತ್ತು. ಆದರೆ ಜೊತೆಗೆ ಹೆಣ್ಣಿಲ್ಲದೆ ವಂಶ ಬೆಳೆಯುವುದಿಲ್ಲ. ಗ್ರಿಜ್ಲಿ ಹೆಣ್ಣುಮರಿಗಳಂತೂ ದೊಡ್ಡವಾದ ಮೇಲೂ ತಾಯಿಯ ನೆಲದ ಪಕ್ಕದಲ್ಲೇ ನೆಲೆ ನಿಲ್ಲುತ್ತವೆ. ಐದಾರು ವರ್ಷಕ್ಕೆ ಮೊದಲ ಸಲ ಹಡೆಯುತ್ತವೆ, ಆಮೇಲೆ ಸುಮಾರು ಮೂರು ವರ್ಷಕ್ಕೊಮ್ಮೆ. ಹೀಗಾಗಿ ಗ್ರಿಜ್ಲಿ ನಾಡು ಹಿಗ್ಗುವುದು ಬಹಳ ನಿಧಾನ.

ಅಷ್ಟಾಗಿಯೂ ಸಾನ್ ಹ್ವಾನ್‌ಗೇ ಹೋಗುತ್ತೇನೆ ಎಂದರೆ ಹೋಗಿ, ಸುಂದರ ಬೆಟ್ಟಗಳು. ಆದರೆ ಕಂಡ ಕಂದು ಕರಡಿಯನ್ನೆಲ್ಲ ಗ್ರಿಜ್ಲಿ ಎನ್ನಬೇಡಿ. ಅಮೆರಿಕದ ಕಪ್ಪು ಕರಡಿ ಹೆಸರಿಗಷ್ಟೇ ಕಪ್ಪು. ಕೊಲೊರಾಡೊದಲ್ಲಿ ಅದು ದಾಲ್ಚಿನ್ನಿ ಬಣ್ಣದಲ್ಲೂ ಬೂದುಗಂದಿನಲ್ಲೂ ಇರುತ್ತದೆ, ಕೆಲವು ಹೊಂಬಣ್ಣಕ್ಕೂ ತಿರುಗಿರುತ್ತವೆ. ಬಣ್ಣ, ಗಾತ್ರ ಎರಡನ್ನೂ ಮರೆತು ಹೆಗಲು ನೋಡಿ. ಗ್ರಿಜ್ಲಿಯ ಮುಂಗಾಲುಗಳ ಮೇಲೆ ಎತ್ತಿನ ಹಿಣಿಲಿನಂತೆ ಎದ್ದು ಕಾಣುವ ಉಬ್ಬು ಇರುತ್ತದೆ. ಅದು ಕೊಬ್ಬಲ್ಲ, ಅಗೆಯುವ ಸ್ನಾಯು. ಹಣೆಯಿಂದ ಮೂಗಿಗೆ ಇಳಿಯುವ ಗೆರೆ ನಡುವೆ ತಗ್ಗಾಗಿರುತ್ತದೆ, ಕಿವಿ ಚಿಕ್ಕದು, ದುಂಡಗೆ. ಮುಂಗಾಲಿನ ಉಗುರು ಉದ್ದ, ತುಸು ಬಾಗಿದ್ದು, ಸಾಮಾನ್ಯವಾಗಿ ತಿಳಿಬಣ್ಣ. ಕೆಸರಿನ ಹೆಜ್ಜೆಯಲ್ಲಿ ಆ ಉಗುರಿನ ಚುಕ್ಕೆಗಳು ಬೆರಳಿನಿಂದ ಸಾಕಷ್ಟು ಮುಂದೆ ಬಿದ್ದಿರುತ್ತವೆ, ಬೆರಳುಗಳು ಒತ್ತೊತ್ತಾಗಿ ಹೆಚ್ಚುಕಡಿಮೆ ಸಾಲಾಗಿರುತ್ತವೆ. ಕಪ್ಪು ಕರಡಿಯ ಬೆರಳುಗಳು ಬಿಡಿಬಿಡಿಯಾಗಿ ಕಮಾನಿನಂತೆ ನಿಂತಿರುತ್ತವೆ. ಇಷ್ಟು ಗೊತ್ತಿದ್ದವರೂ ಒಂದೇ ಫೋಟೊ ನೋಡಿ ತೀರ್ಪು ಕೊಡುವಾಗ ಎಡವುತ್ತಾರೆ. ವಾಷಿಂಗ್ಟನ್ ರಾಜ್ಯದ ನಾರ್ತ್ ಕ್ಯಾಸ್ಕೇಡ್ಸ್‌ನಲ್ಲಿ 2010ರಲ್ಲಿ ಚಾರಣಿಗರೊಬ್ಬರು ತೆಗೆದ ಚಿತ್ರವನ್ನು ತಜ್ಞರೇ ಗ್ರಿಜ್ಲಿ ಎಂದು ಒಪ್ಪಿಕೊಂಡಿದ್ದರು. ಬೇರೆ ಚಿತ್ರಗಳು ಸಿಕ್ಕ ಮೇಲೆ ಅದು ಕಪ್ಪು ಕರಡಿ ಎಂದಾಯಿತು. ನಿಮಗೇನಾದರೂ ಅನುಮಾನ ಬರುವಂಥ ಕೂದಲು ಸಿಕ್ಕರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಬೇಡಿ, ತೇವ ಹಿಡಿದು ಡಿಎನ್‌ಎ ಹಾಳಾಗುತ್ತದೆ. ಕಾಗದದ ಲಕೋಟೆಯಲ್ಲಿಟ್ಟು, ಜಾಗ ಗುರುತಿಸಿ, ರಾಜ್ಯದ ವನ್ಯಜೀವಿ ಇಲಾಖೆಗೆ ಕೊಡಿ. ಹೆಜ್ಜೆಯ ಫೋಟೊ ತೆಗೆಯುವಾಗ ಪಕ್ಕದಲ್ಲಿ ಅಳತೆಪಟ್ಟಿ ಇರಲಿ.

ಈಗ ನಿಜವಾಗಿ ಕರಡಿ ಇರುವ ಕಡೆಗೆ. ಅಲಾಸ್ಕ ಬಿಟ್ಟರೆ ಅಮೆರಿಕದಲ್ಲಿ ಈಗ ಸುಮಾರು 2,000 ಗ್ರಿಜ್ಲಿಗಳಿವೆ. ಬಹುಪಾಲು ಎರಡೇ ಕಡೆ: ಗ್ಲೇಸಿಯರ್ ಸುತ್ತಲಿನ ಉತ್ತರ ಮೊಂಟಾನಾ ಮತ್ತು ವಯೋಮಿಂಗ್‌ನ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಸುತ್ತಲಿನ ಬೆಟ್ಟಗಳು. 1975ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಾಗ ಯೆಲ್ಲೋಸ್ಟೋನ್ ಪ್ರದೇಶದಲ್ಲಿ 150ಕ್ಕೂ ಕಡಿಮೆ ಉಳಿದಿದ್ದವು, ಈಗ ಸಾವಿರದ ಆಸುಪಾಸು. ಡೆನ್ವರ್‌ನಿಂದ ಒಂದು ದಿನದ ಕಾರು ಹಾದಿ. ನಾನಾದರೆ ಉದ್ಯಾನದ ಪೂರ್ವಕ್ಕಿರುವ ಅಬ್ಸಾರೊಕಾ ಶ್ರೇಣಿಯನ್ನೂ ಉದ್ಯಾನದೊಳಗಿನ ಲಮಾರ್, ಹೇಡನ್ ಕಣಿವೆಗಳನ್ನೂ ಆರಿಸಿಕೊಳ್ಳುತ್ತೇನೆ.

ಅಲ್ಲಿಗೆ ಹೋಗುವವರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ನಡೆಯುವುದು. ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಕಾಡು ಸವೆಸಿ, ಬೆವರು ಸುರಿಸಿ, ಏನೂ ಕಾಣದೆ ಬರುತ್ತಾರೆ. ಕಂಡರೆ ಇಪ್ಪತ್ತು ಮೀಟರ್‌ನಲ್ಲಿ ಕಾಣುತ್ತದೆ, ಅದು ಯಾರಿಗೂ ಬೇಡ. ಗ್ರಿಜ್ಲಿ ಹುಡುಕುವುದೆಂದರೆ ಆ ವಾರ ಆ ಬೆಟ್ಟದಲ್ಲಿ ಅದಕ್ಕೆ ಊಟ ಎಲ್ಲಿದೆ ಎಂದು ತಿಳಿದು, ಎದುರು ಬೆಟ್ಟದಲ್ಲಿ ಕೂತು ದುರ್ಬೀನು ಹಿಡಿಯುವುದು. ವರ್ಷದ ಐದಾರು ತಿಂಗಳು ಉಪವಾಸ ಮಲಗುವ ಪ್ರಾಣಿ ಉಳಿದ ತಿಂಗಳಲ್ಲಿ ಹೊಟ್ಟೆ ಹೇಳಿದ ಕಡೆಗಷ್ಟೇ ಹೋಗುತ್ತದೆ.

ಮಾರ್ಚ್ ನಡುವಿನಿಂದ ದೊಡ್ಡ ಗಂಡುಗಳು ಗುಹೆಯಿಂದ ಹೊರಬೀಳುತ್ತವೆ, ಮರಿ ಇರುವ ತಾಯಂದಿರು ಏಪ್ರಿಲ್, ಮೇವರೆಗೂ ತಡಮಾಡುತ್ತಾರೆ. ಆಗ ಕಣಿವೆಗಳಲ್ಲಿ ಚಳಿಗೆ ಸತ್ತ ಬೈಸನ್ ಎಂಬ ಕಾಡೆಮ್ಮೆ, ಎಲ್ಕ್‌ಗಳ ಕಳೇಬರಗಳೇ ಊಟ. ಮೇ ಕೊನೆ, ಜೂನ್‌ನಲ್ಲಿ ಎಲ್ಕ್ ಮರಿ ಹಾಕುವ ಹೊತ್ತು. ಲಮಾರ್‌ನ ಪೊದೆಬಯಲಿನಲ್ಲಿ ಕರಡಿ ಮೂಗು ನೆಲಕ್ಕಿಟ್ಟು ಅಂಕುಡೊಂಕಾಗಿ ಓಡಾಡುವುದು ಕಂಡರೆ ಅದು ಅಡಗಿ ಮಲಗಿದ ಎಲ್ಕ್ ಮರಿಯನ್ನು ಹುಡುಕುತ್ತಿದೆ ಎಂದರ್ಥ. ಮೊದಲ ಸಲ ನೋಡುವವರಿಗೆ ಇದೇ ಅತ್ಯುತ್ತಮ ಕಾಲ. ಮರ ಕಡಿಮೆ, ಮೇಲಿನ ಹಿಮ ಕರಡಿಗಳನ್ನು ಇನ್ನೂ ಕೆಳಗೇ ತಡೆದಿರುತ್ತದೆ, ರಸ್ತೆಯ ಪಕ್ಕದ ಗುಡ್ಡದ ಮೇಲಿಂದಲೇ ಎರಡು ಕಿಲೋಮೀಟರ್ ಆಚೆಯ ಪ್ರಾಣಿಯನ್ನು ನೋಡಬಹುದು. ಬೆಟ್ಟದಲ್ಲಾದರೆ ಹಿಮಕುಸಿತ ಬೋಳಿಸಿದ ಪಟ್ಟಿಗಳನ್ನು ನೋಡಿ, ಮೊದಲ ಹಸಿರು ಚಿಗುರುವುದು ಅಲ್ಲಿ.

ನೀವು ಹೇಳಿರುವ ಆಗಸ್ಟ್‌ನಲ್ಲಿ ಕಥೆ ಬೇರೆ. ಆ ತಿಂಗಳು ಅಬ್ಸಾರೊಕಾದಲ್ಲಿ ನಡೆಯುವುದನ್ನು ಮೊದಲ ಸಲ ಕೇಳಿದವರು ನಂಬುವುದಿಲ್ಲ. 3,000 ಮೀಟರ್‌ಗಿಂತ ಮೇಲೆ, ಮರಗಳೆಲ್ಲ ಮುಗಿದ ಮೇಲೆ, ಹುಲ್ಲೂ ಹುಟ್ಟದ ಕಲ್ಲುಗುಪ್ಪೆಯ ಇಳಿಜಾರುಗಳಲ್ಲಿ ಗ್ರಿಜ್ಲಿಗಳು ಸೇರುತ್ತವೆ. ಒಂದೇ ಇಳಿಜಾರಿನಲ್ಲಿ ಹಲವು, ಸಾಮಾನ್ಯವಾಗಿ ಒಂದಕ್ಕೊಂದು ಆಗದ ಕರಡಿಗಳು, ಪಕ್ಕಪಕ್ಕದಲ್ಲಿ ಕಲ್ಲು ಉರುಳಿಸುತ್ತಿರುತ್ತವೆ. ತಿನ್ನುತ್ತಿರುವುದು ಪತಂಗಗಳನ್ನು. ಆರ್ಮಿ ಕಟ್‌ವರ್ಮ್ ಎಂಬ ಈ ಪತಂಗದ ಹುಳು ಪೂರ್ವದ ಬಯಲುಸೀಮೆಯಲ್ಲಿ ಗೋಧಿ ರೈತರ ಶತ್ರು. ರೆಕ್ಕೆ ಬಂದ ಮೇಲೆ ಅದು ನೂರಾರು ಕಿಲೋಮೀಟರ್ ಹಾರಿ ಬೆಟ್ಟ ಸೇರುತ್ತದೆ, ರಾತ್ರಿಯೆಲ್ಲ ಬೆಟ್ಟದ ಹೂಗಳ ಮಕರಂದ ಕುಡಿದು ಹಗಲು ಕಲ್ಲಿನ ಸಂದಿಯ ತಂಪಿನಲ್ಲಿ ಅಡಗುತ್ತದೆ. ಬೇಸಿಗೆ ಮುಗಿಯುವ ಹೊತ್ತಿಗೆ ಅದರ ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಕೊಬ್ಬು. ಒಂದು ಪತಂಗದಿಂದ ಸಿಗುವುದು ಅರ್ಧ ಕ್ಯಾಲರಿ. ಆದರೆ ಒಂದು ಕರಡಿ ದಿನಕ್ಕೆ 40,000 ಪತಂಗಗಳವರೆಗೆ ತಿನ್ನಬಲ್ಲದು ಎಂದು ಸಂಶೋಧಕರು ಅಂದಾಜಿಸಿದ್ದಾರೆ. ಇನ್ನೂರು ಮುನ್ನೂರು ಕಿಲೋ ತೂಗುವ ಪ್ರಾಣಿ ಇಡೀ ತಿಂಗಳು ಪತಂಗ ತಿಂದು ದಪ್ಪವಾಗುವುದನ್ನು ನೋಡಿದ ಮೇಲೆ, ಮೀನು ಹಿಡಿಯುವ ಕರಡಿಯ ಕ್ಯಾಲೆಂಡರ್ ಚಿತ್ರಗಳು ನನಗಂತೂ ಸಪ್ಪೆ.

ಇಲ್ಲೇ ನಿಮ್ಮಲ್ಲೊಂದು ಕೋರಿಕೆ. ಆ ಇಳಿಜಾರು ಹತ್ತಬೇಡಿ. ಗ್ಲೇಸಿಯರ್‌ನಲ್ಲಿ ಇಂಥ ಪತಂಗದ ಜಾಗಗಳ ಮೇಲೆ ಪರ್ವತಾರೋಹಿಗಳು ಹಾದುಹೋದಾಗ ಏನಾಗುತ್ತದೆಂದು ಅಳೆದಿದ್ದಾರೆ. ಕರಡಿಗಳು ತಿನ್ನಲು ಕೊಡುತ್ತಿದ್ದ ಹೊತ್ತು ಅರ್ಧದಷ್ಟು ಕುಸಿಯಿತು, ಓಡಾಟವೂ ಸಿಡುಕೂ ಹೆಚ್ಚಿತು. ಚಳಿಗಾಲಕ್ಕೆ ಕೊಬ್ಬು ಕೂಡಿಸುವ ಆರೆಂಟು ವಾರಗಳಲ್ಲಿ ಕಳೆದ ದಿನ ಮತ್ತೆ ಸಿಗುವುದಿಲ್ಲ. ಅದಕ್ಕೇ ಇಂಥ ಜಾಗಗಳ ನಿಖರ ಗುರುತನ್ನು ನಾನೂ ಬರೆಯುವುದಿಲ್ಲ, ನೀವೂ ಫೋಟೊ ಜೊತೆ ಹಾಕಬೇಡಿ. ನಕಾಶೆಯಲ್ಲಿ ಎತ್ತರದ ಕಲ್ಲುಗುಪ್ಪೆ ಹುಡುಕಿ, ಕಣಿವೆಯ ಆಚೆ ಬದಿಯ ದಿಣ್ಣೆ ಆರಿಸಿ, ಗಾಳಿ ಕರಡಿಯ ಕಡೆಯಿಂದ ನಿಮ್ಮತ್ತ ಬೀಸುವಂತೆ ಕೂತುಕೊಳ್ಳಿ. ನೀವು ಬಂದದ್ದೂ ಹೋದದ್ದೂ ಕರಡಿಗೆ ತಿಳಿಯದಿದ್ದರೆ ಅದೇ ಒಳ್ಳೆಯ ದರ್ಶನ. ಮಧ್ಯಾಹ್ನ ಸಿಡಿಲು ಮಳೆ ಸಾಮಾನ್ಯ, ಹನ್ನೆರಡರೊಳಗೆ ಬೋಳು ದಿಣ್ಣೆಯಿಂದ ಇಳಿದುಬಿಡಿ.

ಸೆಪ್ಟೆಂಬರ್‌ಗೆ ವೈಟ್‌ಬಾರ್ಕ್ ಪೈನ್‌ನ ಬೀಜ. ಕರಡಿ ಮರ ಹತ್ತುವುದಿಲ್ಲ, ಅಳಿಲುಗಳು ಕಷ್ಟಪಟ್ಟು ಹೂತಿಟ್ಟ ಕಾಯಿರಾಶಿಯನ್ನು ಅಗೆದು ದೋಚುತ್ತದೆ. ತುಕ್ಕು ರೋಗ, ತೊಗಟೆ ಕೊರೆಯುವ ಜೀರುಂಡೆಗಳ ಹಾವಳಿಯಿಂದ ಈ ಮರವೇ ಈಗ ಅಪಾಯದಲ್ಲಿದೆ, 2022ರಲ್ಲಿ ಅದನ್ನೂ ರಕ್ಷಿತ ಪಟ್ಟಿಗೆ ಸೇರಿಸಿದರು. ಬೀಜ ಕಡಿಮೆಯಾದ ವರ್ಷ ಕರಡಿಗಳು ಕೆಳಗಿಳಿಯುತ್ತವೆ, ಎಲ್ಕ್ ಬೇಟೆಗಾರರು ಬಿಟ್ಟುಹೋದ ಕರುಳಿನ ರಾಶಿಗೆ ಬರುತ್ತವೆ. ಆ ಋತುವಿನಲ್ಲಿ ಬೇಟೆಗಾರರಲ್ಲದವರು ಉದ್ಯಾನದ ಹೊರಗಿನ ಕಾಡಿಗೆ ಹೋಗದಿರುವುದೇ ಕ್ಷೇಮ.

ಸಲಕರಣೆ ಹೆಚ್ಚೇನೂ ಬೇಡ. 10x42 ದುರ್ಬೀನು, ಸಾಧ್ಯವಾದರೆ 20-60 ಪಟ್ಟು ಹಿಗ್ಗಿಸುವ ಸ್ಪಾಟಿಂಗ್ ಸ್ಕೋಪ್, ಅಲುಗದ ಟ್ರೈಪಾಡ್. ಸ್ಕೋಪ್ ದುಬಾರಿ. ಲಮಾರ್‌ನ ರಸ್ತೆಬದಿಯಲ್ಲಿ ಬೆಳಗಿನ ಐದಕ್ಕೇ ಬಂದು ನಿಲ್ಲುವ ತೋಳಪ್ರಿಯರ ಗುಂಪಿಗೆ ನಮಸ್ಕಾರ ಹೇಳಿದರೆ ಅವರದರಲ್ಲೇ ಇಣುಕಲು ಬಿಡುತ್ತಾರೆ, ನಿನ್ನೆ ಎಲ್ಲಿ ಕಂಡಿತು ಎಂಬುದನ್ನೂ ಹೇಳುತ್ತಾರೆ. ಸೂರ್ಯ ಹುಟ್ಟುವ ಮೊದಲೇ ಕೂತಿರಬೇಕು. ಎದುರಿನ ಇಳಿಜಾರನ್ನು ಮನಸ್ಸಿನಲ್ಲೇ ಚೌಕಗಳಾಗಿ ಕೊಯ್ದು ಒಂದೊಂದೇ ನೋಡುತ್ತಾ ಹೋಗಿ, ಮುಗಿದ ಮೇಲೆ ಮತ್ತೆ ಮೊದಲಿನಿಂದ. ಹತ್ತಕ್ಕೆ ಒಂಬತ್ತು ಕರಡಿಗಳು ಬಂಡೆಯೇ ಆಗಿರುತ್ತವೆ, ಹತ್ತನೆಯ ಬಂಡೆ ಎರಡನೇ ಸುತ್ತಿನಲ್ಲಿ ಜಾಗ ಬದಲಿಸಿರುತ್ತದೆ. ಡ್ರೋನ್ ರಾಷ್ಟ್ರೀಯ ಉದ್ಯಾನಗಳಲ್ಲಿ ನಿಷಿದ್ಧ. ಟ್ರ್ಯಾಪ್ ಕ್ಯಾಮೆರಾ ಕೂಡ ಅನುಮತಿಯಿಲ್ಲದೆ ಅಲ್ಲಿ ಕಟ್ಟುವಂತಿಲ್ಲ. ಯೆಲ್ಲೋಸ್ಟೋನ್‌ನಲ್ಲಿ ಕರಡಿಯಿಂದ 100 ಗಜ, ಅಂದರೆ 91 ಮೀಟರ್ ದೂರವಿರಬೇಕೆಂಬುದು ಕಾನೂನು, ಅಲಾಸ್ಕದ ಡೆನಾಲಿಯಲ್ಲಿ 300 ಗಜ. ಕೆಲವು ಕಣಿವೆಗಳನ್ನು ಕರಡಿಗಳಿಗಾಗಿಯೇ ಮುಚ್ಚಿಡುತ್ತಾರೆ. ಯೆಲ್ಲೋಸ್ಟೋನ್‌ನ ಪೆಲಿಕನ್ ಕಣಿವೆಗೆ ಜುಲೈ 4ರಿಂದ ಮಾತ್ರ ಪ್ರವೇಶ, ಅದೂ ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ, ರಾತ್ರಿ ತಂಗುವಂತಿಲ್ಲ. 1930ರ ದಶಕದಲ್ಲಿ ಇದೇ ಉದ್ಯಾನದಲ್ಲಿ ಪ್ರವಾಸಿಗರನ್ನು ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ಹೋಟೆಲಿನ ಕಸ ತಿನ್ನುವ ಗ್ರಿಜ್ಲಿಗಳನ್ನು ತೋರಿಸುತ್ತಿದ್ದರು ಎಂದರೆ ಈಗಿನವರಿಗೆ ನಗು ಬರುತ್ತದೆ. 1967ರ ಆಗಸ್ಟ್‌ನ ಒಂದೇ ರಾತ್ರಿ ಗ್ಲೇಸಿಯರ್‌ನ ಎರಡು ಬೇರೆ ಜಾಗಗಳಲ್ಲಿ, ಮನುಷ್ಯರ ಆಹಾರದ ರುಚಿ ಹತ್ತಿದ ಎರಡು ಬೇರೆ ಕರಡಿಗಳು ಇಬ್ಬರು ಯುವತಿಯರನ್ನು ಕೊಂದ ಮೇಲೆ ಕಸದ ನಿಯಮಗಳು ಬಿಗಿಯಾದವು.

ಅಪಾಯದ ವಿಷಯ. 1872ರಲ್ಲಿ ಯೆಲ್ಲೋಸ್ಟೋನ್ ಉದ್ಯಾನವಾದಾಗಿನಿಂದ ಅದರೊಳಗೆ ಕರಡಿಯಿಂದ ಸತ್ತವರು ಎಂಟು ಜನ. ಬಿಸಿನೀರಿನ ಬುಗ್ಗೆಗೆ ಬಿದ್ದು ಸತ್ತವರು ಅದಕ್ಕಿಂತ ಹೆಚ್ಚು. ಆದರೆ ಈ ಸಂಖ್ಯೆ ಬಹುತೇಕ ರಸ್ತೆ ಬಿಟ್ಟು ಕದಲದ ಕೋಟ್ಯಂತರ ಪ್ರವಾಸಿಗರದು, ನಿಮ್ಮಂತೆ ಒಳಗೆ ನಡೆಯುವವರದಲ್ಲ. ಅಲ್ಲಿ ಕರಡಿಯಿಂದ ಗಾಯಗೊಂಡ ಚಾರಣಿಗರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಒಬ್ಬರೇ ಅಥವಾ ಇಬ್ಬರೇ ಹೋದವರು. ಆದ್ದರಿಂದ ಒಬ್ಬನೇ ಎಂಬ ಯೋಜನೆಯನ್ನು ಕೈಬಿಡಿ. ಮೂವರಾದರೂ ಇರಿ, ಸದ್ದು ಮಾಡುತ್ತಾ ನಡೆಯಿರಿ. ಅಂಗಡಿಯಲ್ಲಿ ಮಾರುವ ಪುಟ್ಟ ಗಂಟೆಗಳು ನಿಷ್ಪ್ರಯೋಜಕ, ಮನುಷ್ಯರ ಗಟ್ಟಿ ಮಾತೇ ಬೇಕು. ಕನ್ನಡದಲ್ಲೇ ಜಗಳವಾಡಿ, ಸಾಕು. ತಿರುವು, ತೊರೆಯ ಸದ್ದು, ದಟ್ಟ ಪೊದೆ ಬಂದಾಗ ಇನ್ನೂ ಜೋರಾಗಿ.

ಬಳ್ಳಾರಿ, ಕೊಪ್ಪಳದ ಕಡೆ ಕರಡಿ ಕಂಡವರನ್ನು ಕೇಳಿದರೆ ಒಂದೇ ಮಾತು: ಗೊತ್ತಿಲ್ಲದೆ ಹತ್ತಿರ ಹೋಗಿಬಿಟ್ಟೆವು. ಅಲ್ಲಿನದು ಗೆದ್ದಲು ತಿನ್ನುವ ಬೇರೆಯೇ ಜಾತಿ, ಆದರೆ ಈ ವಿಷಯದಲ್ಲಿ ಗ್ರಿಜ್ಲಿಯೂ ಹಾಗೇ. ಬಯಲಿನಲ್ಲಿ ವಿಕಾಸವಾದ ಈ ತಾಯಿಗೆ ಮರಿಗಳನ್ನು ಮರ ಹತ್ತಿಸಿ ಕಾಯುವ ಅಭ್ಯಾಸವಿಲ್ಲ, ಬೆದರಿದರೆ ಮುಂದೆ ನುಗ್ಗುತ್ತದೆ. ಓಡಬೇಡಿ, ಅದು ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ಬರಬಲ್ಲದು. ನಿಂತು, ಮೆಲ್ಲನೆ ಮಾತಾಡುತ್ತಾ ಹಿಂದೆ ಸರಿಯಿರಿ. ಬಹುತೇಕ ಸಲ ನುಗ್ಗಿದ್ದು ಅರ್ಧಕ್ಕೇ ನಿಂತು ತಿರುಗುತ್ತದೆ. ನಿಲ್ಲದಿದ್ದರೆ ಸುಮಾರು ಹತ್ತು ಮೀಟರ್‌ಗೆ ಬಂದಾಗ ಕರಡಿ ಸ್ಪ್ರೇಯನ್ನು ಅದರ ಮುಖಕ್ಕಿಂತ ತುಸು ಕೆಳಗೆ ಗುರಿಯಿಟ್ಟು ಒತ್ತಿ, ಮೆಣಸಿನಕಾಯಿಯ ಖಾರದ ಮೋಡದೊಳಗೆ ಅದು ನುಗ್ಗುವಂತಾಗಬೇಕು. ಅಲಾಸ್ಕದ ಘಟನೆಗಳನ್ನು ಒಟ್ಟುಹಾಕಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂದು ಕರಡಿಗಳ (ಗ್ರಿಜ್ಲಿಯೂ ಇದೇ ಜಾತಿ) ಮೇಲೆ ಸ್ಪ್ರೇ 92 ಶೇಕಡಾ ಸಲ ಕೆಲಸ ಮಾಡಿತ್ತು. ಅದು ಸೊಂಟದಲ್ಲಿರಬೇಕು, ಬ್ಯಾಗಿನೊಳಗಲ್ಲ.

ಮೈಮೇಲೆ ಬಿದ್ದೇಬಿಟ್ಟರೆ ಬೋರಲಾಗಿ ಮಲಗಿ, ಬ್ಯಾಗು ಬೆನ್ನಮೇಲೇ ಇರಲಿ, ಎರಡೂ ಕೈಯಿಂದ ಕತ್ತಿನ ಹಿಂಭಾಗ ಮುಚ್ಚಿಕೊಳ್ಳಿ, ಅದು ಹೋದ ಮೇಲೂ ಬಹಳ ಹೊತ್ತು ಅಲುಗಬೇಡಿ. ಸತ್ತಂತೆ ಮಲಗುವ ಈ ಉಪಾಯ ಗಾಬರಿಯಿಂದ ಎರಗಿದ ಗ್ರಿಜ್ಲಿಗೆ ಮಾತ್ರ, ಅದೂ ಮುಟ್ಟಿದ ಮೇಲೆ. ರಾತ್ರಿ ಟೆಂಟಿಗೆ ಬಂದದ್ದು, ಹಿಂದೆಯೇ ಹಿಂಬಾಲಿಸಿ ಬಂದದ್ದು ನಿಮ್ಮನ್ನು ಊಟವೆಂದು ನೋಡುತ್ತಿದೆ, ಅಲ್ಲಿ ಕೈಗೆ ಸಿಕ್ಕಿದ್ದರಲ್ಲಿ ಹೊಡೆದಾಡಬೇಕು.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯ. ಕಾಗೆ ಜಾತಿಯ ಹಕ್ಕಿಗಳು ಒಂದೇ ಕಡೆ ಗುಂಪಾಗಿ ಕೂಗುತ್ತಿದ್ದರೆ, ಕೊಳೆತ ವಾಸನೆ ಬಂದರೆ, ಹೊಸದಾಗಿ ಕೆದರಿದ ಮಣ್ಣು ಮತ್ತು ಹುಲ್ಲಿನ ಗುಡ್ಡೆಯಿಂದ ಕಾಲೋ ಕೊಂಬೋ ಚಾಚಿದ್ದು ಕಂಡರೆ ಅದು ಗ್ರಿಜ್ಲಿ ಮುಚ್ಚಿಟ್ಟ ಕಳೇಬರ. ಮಾಲೀಕ ಹತ್ತಿರದ ಪೊದೆಯಲ್ಲೇ ಮಲಗಿರುತ್ತಾನೆ. ಒಂದು ಫೋಟೊಗೂ ನಿಲ್ಲದೆ ಬಂದ ದಾರಿಯಲ್ಲೇ ಹಿಂದಿರುಗಿ.

ಅಡುಗೆಯ ಬಗ್ಗೆ ನಮ್ಮವರಿಗೆ ಪ್ರತ್ಯೇಕವಾಗಿಯೇ ಹೇಳಬೇಕು. ಇಂಗು, ಸಾಸಿವೆ, ಕರಿಬೇವಿನ ಒಗ್ಗರಣೆ ಬೆಟ್ಟದ ಚಳಿಯಲ್ಲಿ ಸ್ವರ್ಗ, ಆದರೆ ಅದರ ವಾಸನೆ ಅಂಗಿಗೂ ತಲೆಗೂದಲಿಗೂ ಹಿಡಿದು ಟೆಂಟಿನೊಳಕ್ಕೆ ಬರುತ್ತದೆ. ಕರಡಿ ನಾಡಿನಲ್ಲಿ ಬಿಸಿನೀರು ಸುರಿದರೆ ಆಗುವ ಅವಲಕ್ಕಿ, ಉಪ್ಪಿಟ್ಟಿನ ಪುಡಿಯಲ್ಲಿ ವಾರ ಕಳೆಯಿರಿ. ಅಡುಗೆಯ ಜಾಗ ಟೆಂಟಿನಿಂದ ಕನಿಷ್ಠ 100 ಗಜ ದೂರ, ಅಡುಗೆ ಮಾಡಿದ ಬಟ್ಟೆಯಲ್ಲಿ ಮಲಗಬಾರದು. ಉಪ್ಪಿನಕಾಯಿ, ತುಪ್ಪ ಮಾತ್ರವಲ್ಲ, ಟೂತ್‌ಪೇಸ್ಟ್, ಕೊಬ್ಬರಿ ಎಣ್ಣೆ, ಸನ್‌ಸ್ಕ್ರೀನ್ ಕೂಡ ಕರಡಿಯ ಮೂಗಿಗೆ ಊಟವೇ. ಎಲ್ಲವನ್ನೂ ಕರಡಿ ತೆರೆಯಲಾಗದ ಡಬ್ಬಿಯಲ್ಲಿಡಿ, ಇಲ್ಲವೇ ನೆಲದಿಂದ 10 ಅಡಿ ಎತ್ತರ, ಮರದಿಂದ 4 ಅಡಿ ಆಚೆ ತೂಗುಹಾಕಿ. ಅಬ್ಸಾರೊಕಾದ ಬಹುಭಾಗ ಬರುವ ಶೋಶೋನಿ ರಾಷ್ಟ್ರೀಯ ಅರಣ್ಯದಲ್ಲಿ ಇದು ಸಲಹೆಯಲ್ಲ, ನಿಯಮ.

ನನ್ನ ಮಾತು ಕೇಳುವುದಾದರೆ ಈ ಆಗಸ್ಟ್ ಬೇಡ. ಮುಂದಿನ ಜೂನ್ ಮೊದಲ ವಾರ ಲಮಾರ್‌ಗೆ ಹೋಗಿ ಕಣ್ಣು ಪಳಗಿಸಿಕೊಳ್ಳಿ, ಅದೇ ವರ್ಷದ ಆಗಸ್ಟ್‌ಗೆ ಇಬ್ಬರು ಜೊತೆಗಾರರೊಂದಿಗೆ ಅಬ್ಸಾರೊಕಾ ಹತ್ತಿ. ಸ್ಪ್ರೇಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ನೀವು ಕಾರಿನಲ್ಲಿ ಹೋಗುವುದರಿಂದ ಡೆನ್ವರ್‌ನಲ್ಲೇ ಕೊಂಡುಕೊಳ್ಳಬಹುದು. ಅವಧಿ ಮುಗಿಯುವ ದಿನಾಂಕ ನೋಡಿ, ಖಾರವಿಲ್ಲದ ತರಬೇತಿ ಡಬ್ಬಿಯಿಂದ ಒಂದೆರಡು ಸಲ ತೆಗೆದು ಒತ್ತುವ ಅಭ್ಯಾಸ ಮಾಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾತ್ರ ಅದನ್ನು ಬಿಡಬೇಡಿ, 50 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಡಬ್ಬಿ ಸಿಡಿಯುತ್ತದೆ, ಆಮೇಲೆ ಆ ಕಾರಿನಲ್ಲಿ ಕೂರಲು ಯಾರಿಂದಲೂ ಆಗುವುದಿಲ್ಲ.